ಕಾಳಿ ನದಿಯ ವಾಲ್ವ್‌ಮನ್

ಈ ವರ್ಷದ ಬೋಧನಾಭ್ಯಾಸದ ವೀಕ್ಷಣಾ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮುನ್ನ ಕಳೆದ ವರ್ಷದ ಒಂದು ಪುಟದ ಬಗ್ಗೆ ಬರೆಯಬೇಕೆನಿಸಿದೆ. ಆ ಪುಟದಲ್ಲಿರುವುದು ನನ್ನದೇ ಅಕ್ಷರ, ನನ್ನದೇ ಸಹಿ. "ವಿಷಯ ಪ್ರಭುತ್ವ ಸಾಲದು. ಸಮಯ ನಿರ್ವಹಣೆ ಇಲ್ಲ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ನೀಡಲು ವಿಫಲ." ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಕೆಳಗೆ ಅಂಕ. ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ, ಕಡಿಮೆ ಎಂದಷ್ಟೇ ತಿಳಿಯಿರಿ.

ಪಾಠ ನಡೆದದ್ದು ಕಲಘಟಗಿ ರಸ್ತೆಯ ಕಡೆಗಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಶಾಲೆಯ ಹಿಂದೆಯೇ ಒಂದು ಹಳ್ಳ. ಪ್ರಶಿಕ್ಷಣಾರ್ಥಿ ತೆಗೆದುಕೊಂಡಿದ್ದ ಘಟಕ ಜಲ ಪರಿಸರ ವ್ಯವಸ್ಥೆ. ಪಾಠಯೋಜನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಉದ್ದೇಶ, ನಿರ್ದಿಷ್ಟೀಕರಣ, ಬೋಧನೋಪಕರಣ, ಆಹಾರ ಸರಪಳಿಯ ಚಾರ್ಟು, ಕೊನೆಗೆ ಐದು ಮೌಲ್ಯಮಾಪನ ಪ್ರಶ್ನೆ. ಆದರೆ ಆಕೆ ಪೀಠಿಕೆಗೆಂದು ಕೇಳಿದ ಒಂದು ಪ್ರಶ್ನೆ ಇಡೀ ಪಾಠವನ್ನು ತಿಂದುಹಾಕಿತು. "ನಿಮ್ಮ ಹಳ್ಳದಾಗ ಒಂದು ಕಲ್ಲು ಎತ್ತಿದ್ರ ಕೆಳಗ ಏನೇನ್ ಇರತೈತಿ?" ಅಷ್ಟೇ. ಇಪ್ಪತ್ತು ನಿಮಿಷ ಮಕ್ಕಳು ಬಾಯಿ ಮುಚ್ಚಲಿಲ್ಲ. ಏಡಿ, ಜಿಗಣೆ, ಕಲ್ಲಿಗೆ ಅಂಟಿದ ಲೋಳೆ, ಮೂರು ಬಾಲದ ಹುಳ, ಮರಳು ಅಂಟಿಸಿಕೊಂಡ ಕಡ್ಡಿಯಂಥ ಹುಳ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಅಕ್ಕೋರ, ಬ್ಯಾಸಗ್ಯಾಗ ಹಳ್ಳ ಬತ್ತಿದ್ರ ಏಡಿ ಎಲ್ಲಿ ಹೋಗ್ತಾವ್ರಿ?" ಎಂದ. ಆಕೆ ಒಂದು ಕ್ಷಣ ಯೋಚಿಸಿ, "ನನಗೂ ಗೊತ್ತಿಲ್ಲ. ಹಳ್ಳದ ದಂಡ್ಯಾಗ ನೋಡ್ಕೊಂಡ್ ಬರ್ರಿ, ಗುರುವಾರ ಕೇಳ್ತೀನಿ" ಎಂದಳು. ಗಂಟೆ ಬಾರಿಸಿತು. ಚಾರ್ಟು ಬಿಚ್ಚಿರಲಿಲ್ಲ.

ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಮೇಲಿನ ಮೂರು ವಾಕ್ಯಗಳನ್ನು ಬರೆದೆ. ನಾನೂ ಹಳ್ಳಿಯಲ್ಲಿ ಬೆಳೆದವಳು. ಏಡಿಗಳು ಹಳ್ಳದ ದಂಡೆಯ ಹಸಿ ಮಣ್ಣಿನಲ್ಲಿ ಬಿಲ ತೋಡಿಕೊಂಡು ಒಳಗೆ ಸೇರುವುದನ್ನು ಚಿಕ್ಕಂದಿನಲ್ಲಿ ಕಂಡವಳು. ಬಿಲಕ್ಕೆ ಕಡ್ಡಿ ಹಾಕಿ ಬೈಸಿಕೊಂಡವಳು ಕೂಡ. ಆದರೂ ಆ ಹೊತ್ತಿಗೆ ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಇದಾಗಿ ಐದು ತಿಂಗಳಿಗೆ, ಮೇ ರಜೆಯಲ್ಲಿ, ನಾವು ಕುಟುಂಬದವರೆಲ್ಲ ದಾಂಡೇಲಿಗೆ ಹೋದೆವು. ಧಾರವಾಡದಿಂದ ಅದೇನು ದೂರವಲ್ಲ, ಎರಡು ತಾಸಿನ ದಾರಿ. 'ನದಿ ಪರಿಸರ ಅರಿಯಲು ಕುಟುಂಬದೊಂದಿಗೆ ರಾಫ್ಟಿಂಗ್' ಎಂದು ಜಾಹೀರಾತು ನೋಡಿದ್ದು ನನ್ನ ಗಂಡ. ವಿಜ್ಞಾನ ಬೋಧನಾ ವಿಧಾನ ಕಲಿಸುವ ಹೆಂಡತಿಗೆ ಇಷ್ಟವಾಗಬಹುದೆಂದು ಹಣ ಕಟ್ಟಿದ್ದರು. ಹಣ ಸಣ್ಣದೇನಲ್ಲ. ನಾವು ನಾಲ್ವರು, ಜೊತೆಗೆ ನಮ್ಮ ಅತ್ತೆ, ಮೈದುನನ ಮಗ. ಅವನು ಎರಡನೇ ತರಗತಿ, ರಾಫ್ಟ್ ಹತ್ತಲು ವಯಸ್ಸು ಸಾಲದು. ಅತ್ತೆಗೆ ಹತ್ತಲು ಮನಸ್ಸಿಲ್ಲ. ಇಬ್ಬರೂ ದಡದಲ್ಲೇ ಉಳಿಯುವುದೆಂದಾಯಿತು. ಅವರಿಗೆ ಬೇಸರವಾಗಬಹುದೆಂದು ನಾನು ಒಂದು ಬಣ್ಣ ಹಚ್ಚುವ ಪುಸ್ತಕ ತಂದಿದ್ದೆ. ಅದು ಕೊನೆಯವರೆಗೂ ಚೀಲದಿಂದ ಹೊರಗೆ ಬರಲಿಲ್ಲ.

ಗಣೇಶಗುಡಿಯ ದಡಕ್ಕೆ ನಾವು ಬೆಳಿಗ್ಗೆಯೇ ತಲುಪಿದೆವು. ಅಲ್ಲಿ ಪ್ರತಿ ಕುಟುಂಬಕ್ಕೂ ಒಂದು ಮುದ್ರಿತ ಹಾಳೆ ಕೊಟ್ಟರು. ನೀರುನಾಯಿ, ಮೊಸಳೆ, ಮಂಗಟ್ಟೆ ಹಕ್ಕಿ, ಮಿಂಚುಳ್ಳಿ, ಹೊಳೆಮತ್ತಿ ಮರ, ಹೀಗೆ ಹೆಸರುಗಳ ಪಟ್ಟಿ, ಪಕ್ಕದಲ್ಲಿ ಚೌಕ. ಕಂಡದ್ದಕ್ಕೆ ಗುರುತು ಹಾಕಬೇಕು. ನೋಡಿದ ಕೂಡಲೇ ನನಗೆ ನಮ್ಮ ಪಾಠಯೋಜನೆಯ ನಮೂನೆ ನೆನಪಾಯಿತು, ಹಿತವಾಗಿಯೇ ನೆನಪಾಯಿತು. ಎಲ್ಲ ಎಷ್ಟು ಅಚ್ಚುಕಟ್ಟು ಎಂದುಕೊಂಡೆ.

ಆದರೆ ನದಿಯಲ್ಲಿ ನೀರಿರಲಿಲ್ಲ. ಇರಲಿಲ್ಲ ಎಂದರೆ ಬಂಡೆಗಳ ನಡುವೆ ಅಲ್ಲಲ್ಲಿ ನಿಂತಿತ್ತು, ನಡುವೆ ಸಣ್ಣಗೆ ಹರಿಯುತ್ತಿತ್ತು. ರಾಫ್ಟಿನ ಗೈಡ್ ಹುಡುಗ, ಇಪ್ಪತ್ತೈದರ ಆಸುಪಾಸಿನವನು, "ಇನ್ನೂ ಬಿಟ್ಟಿಲ್ಲ, ಸ್ವಲ್ಪ ಕಾಯಿರಿ" ಎಂದ. ಕಾಯುವ ಹೊತ್ತಿನಲ್ಲಿ ಅವನು ಸುರಕ್ಷತೆಯ ಪಾಠ ಮಾಡಿದ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: ಕೌಶಲ ಬೋಧನೆಯ ಪಾಠವೆಂದರೆ ಅದು. ನಾಲ್ಕೇ ಆದೇಶ. ಒಂದೊಂದನ್ನೂ ತಾನು ಮಾಡಿ ತೋರಿಸಿದ, ನಮ್ಮಿಂದ ಮಾಡಿಸಿದ, ತಪ್ಪಿದವರನ್ನು ಮತ್ತೆ ಮಾಡಿಸಿದ, ಕೊನೆಗೆ ಎಚ್ಚರಿಕೆ ಕೊಡದೆ ಥಟ್ಟನೆ ಕೂಗಿ ಪರೀಕ್ಷಿಸಿದ. ನೀರಿಗೆ ಬಿದ್ದರೆ ಬೆನ್ನ ಮೇಲೆ ಮಲಗಬೇಕು, ಕಾಲು ನೀರು ಹರಿಯುವ ದಿಕ್ಕಿಗೆ ಇರಬೇಕು, ನಿಲ್ಲಲು ಪ್ರಯತ್ನಿಸಬಾರದು. "ಯಾಕೆ ನಿಲ್ಲಬಾರದು?" ಎಂದು ಅವನೇ ನಮ್ಮನ್ನು ಕೇಳಿದ. ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ತಳ್ಳಿ ಮುಳುಗಿಸುತ್ತದೆ ಎಂಬುದನ್ನು ನಮ್ಮ ಬಾಯಿಂದಲೇ ಹೇಳಿಸಿದ. ಸೂಕ್ಷ್ಮ ಬೋಧನೆಯ ಅವಧಿಯಲ್ಲಿ ಪರಿಶೋಧಕ ಪ್ರಶ್ನೆ ಎಂದು ನಾವು ಎರಡು ವಾರ ಬಡಿದಾಡುವುದು ಇದಕ್ಕೇ.

ಆಮೇಲೆ ನೀರು ಬಂತು. ಸದ್ದೇನೂ ಇಲ್ಲ, ತೆರೆಯೂ ಇಲ್ಲ. ನಾವು ಕುಳಿತಿದ್ದ ಬಂಡೆಯ ಮುಂದಿನ ಒಂದು ಚಿಕ್ಕ ಕಲ್ಲು ಇತ್ತು, ನೋಡನೋಡುತ್ತ ಇಲ್ಲ. ಆಮೇಲೆ ಅದರ ಪಕ್ಕದ್ದು. ಅರ್ಧ ತಾಸಿನಲ್ಲಿ ಹೊಳೆ ಬೇರೆಯೇ ಹೊಳೆಯಾಗಿತ್ತು.

ನನ್ನ ಮಗಳು ಏಳನೇ ತರಗತಿ. ಧಾರವಾಡದ ಮಗು. ನಮ್ಮಲ್ಲಿ ನಲ್ಲಿಗೆ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಓಣಿಯ ತುದಿಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬರುವ ವಾಲ್ವ್‌ಮನ್ ನಮಗೆಲ್ಲ ದೇವರ ಸಮಾನ. ಅವಳು ನೀರನ್ನು ನೋಡುತ್ತ, "ಅವ್ವ, ಈ ನದಿಗೂ ವಾಲ್ವ್‌ಮನ್ ಇದಾನೇನು?" ಎಂದಳು. ನಾವೆಲ್ಲ ನಕ್ಕೆವು. ಗೈಡ್ ನಗಲಿಲ್ಲ. "ಇದಾನೆ. ಮೇಲೆ ಸೂಪಾ ಡ್ಯಾಮಿದೆ. ಕರೆಂಟು ಬೇಕಾದಾಗ ಮಷೀನು ತಿರುಗುತ್ತೆ, ಆಗ ನೀರು. ಕರೆಂಟು ಬೇಡ ಅಂದ್ರೆ ನಮಗೆ ರಾಫ್ಟಿಂಗೂ ಇಲ್ಲ" ಎಂದ.

ಅವಳ ಮುಂದಿನ ಪ್ರಶ್ನೆ: "ನೀರು ಬಂದ್ ಮಾಡಿದಾಗ ನದಿಯೊಳಗಿನ ಹುಳ, ಮೀನು ಏನ್ ಮಾಡ್ತಾವ?"

ಗೈಡ್ ನನ್ನ ಕಡೆ ನೋಡಿದ. ನಾನು ಟೀಚರ್ ಎಂದು ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ನಾನು ಹಿಂದೆಮುಂದೆ ನೋಡದೆ ಹೇಳಿದೆ: "ಅವು ಅದಕ್ಕೆ ಹೊಂದಿಕೊಂಡಿರ್ತಾವ ಪುಟ್ಟಾ. ಜೀವಿಗಳು ಪರಿಸರಕ್ಕೆ ಹೊಂದಾಣಿಕೆ ಮಾಡ್ಕೋತಾವ, ನಿಮ್ಮ ಪಾಠದಾಗ ಐತಲ್ಲ." ಸ್ಪಷ್ಟ ಉಚ್ಚಾರ, ತಡವಿಲ್ಲದ ಉತ್ತರ, ಪಠ್ಯದೊಂದಿಗೆ ಸಂಬಂಧ ಕಲ್ಪಿಸುವಿಕೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಈ ಮೂರಕ್ಕೂ ಪೂರ್ತಿ ಅಂಕ. ಮಗಳು "ಹೂಂ" ಎಂದು ಸುಮ್ಮನಾದಳು.

ಉತ್ತರ ತಪ್ಪು ಎಂಬುದು ರಾಫ್ಟ್ ಹತ್ತಿದ ಮೇಲೆ ನನಗೆ ಹೊಳೆಯಿತು. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ, ಸಮುದ್ರ ಸೇರುವುದು ಕಾರವಾರದ ಸದಾಶಿವಗಡದ ಹತ್ತಿರ, ಒಟ್ಟು ಹರಿವು ಸುಮಾರು 184 ಕಿಲೋಮೀಟರ್. ಅಷ್ಟರೊಳಗೆ ಮುಖ್ಯ ನದಿಗೇ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ನಾಲ್ಕು ಅಣೆಕಟ್ಟುಗಳು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಪೂರ್ಣಗೊಂಡದ್ದು 1980ರ ದಶಕದಲ್ಲಿ. ಅಂದರೆ ನನಗಿಂತ ಚಿಕ್ಕದು. ಆ ಹೊಳೆಯ ಹುಳ ಮೀನುಗಳು ಎಣಿಸಲಾರದಷ್ಟು ಕಾಲದಿಂದ ಹೊಂದಿಕೊಂಡು ಬಂದದ್ದು ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಇಳಿಯುವ ವರ್ಷಕ್ಕೊಂದು ಲಯಕ್ಕೆ. ಈಗ ಬಂದಿರುವುದು ದಿನದೊಳಗೇ ಏರಿ ಇಳಿಯುವ ಲಯ, ಅದೂ ಊರುಗಳ ವಿದ್ಯುತ್ ಬೇಡಿಕೆಯನ್ನು ಅನುಸರಿಸಿ. ಹೊಂದಾಣಿಕೆ ಪೀಳಿಗೆಗಳುದ್ದಕ್ಕೂ ನಡೆಯುವ ಕೆಲಸ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. ಅದೇ ಶಬ್ದವನ್ನು ಮಗುವಿನ ಪ್ರಶ್ನೆಯ ಮೇಲೆ ಮುಚ್ಚಳದಂತೆ ಹಾಕಿ ಕೂತಿದ್ದೆ.

ರಾಫ್ಟಿನ ಮೇಲಿನ ಎರಡು ತಾಸುಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಒದ್ದೆಯಾದೆವು, ಕಿರುಚಿದೆವು, ಗಂಡನ ಕನ್ನಡಕ ಕಾಳಿಗೆ ಅರ್ಪಿತವಾಯಿತು. ಆದರೆ ಗೈಡ್ ನೀರನ್ನು ಓದುವ ಬಗೆಯನ್ನು ಹೇಳಲೇಬೇಕು. ಎರಡು ಬಂಡೆಗಳ ನಡುವೆ ನೀರು ನಯವಾಗಿ ಕಿರಿದಾಗುತ್ತ ಹೋಗಿ, ಬಾಣದ ಮೊನೆ ನಾವು ಹೋಗುವ ದಿಕ್ಕಿಗೆ ಇದ್ದರೆ ಅದು ದಾರಿ. ಮೊನೆ ನಮ್ಮ ಕಡೆಗೇ ಇದ್ದರೆ ಅಲ್ಲಿ ನೀರಿನಡಿ ಕಲ್ಲಿದೆ. ಇದನ್ನು ಒಮ್ಮೆ ಹೇಳಿ, ಮುಂದಿನ ಪ್ರತಿ ಇಳಿತದಲ್ಲೂ "ಎಲ್ಲಿಂದ ಹೋಗೋಣ?" ಎಂದು ಮಕ್ಕಳನ್ನೇ ಕೇಳಿದ. ದೊಡ್ಡ ಬಂಡೆಯ ಹಿಂದೆ ರಾಫ್ಟನ್ನು ನಿಲ್ಲಿಸಿದಾಗ ಒಂದು ಎಲೆ ನದಿಗೆ ಎದುರಾಗಿ ಮೇಲಕ್ಕೆ ತೇಲುತ್ತಿರುವುದನ್ನು ನನ್ನ ಮಗ ಕಂಡ. ಬಂಡೆಯ ಮರೆಯಲ್ಲಿ ನೀರು ಸುತ್ತು ಹೊಡೆದು ಹಿಂದಕ್ಕೆ ಬರುತ್ತದೆ, ಎಲೆ ಕಸ ಅಲ್ಲೇ ಸೇರುತ್ತದೆ, ಎಲೆ ತಿನ್ನುವ ಹುಳುಗಳಿಗೆ ಅದೇ ಅಡುಗೆಮನೆ. ಗೈಡ್‌ಗೆ ಗೊತ್ತಿದ್ದದ್ದು ನೀರಿನ ಸುತ್ತು, ನನಗೆ ಗೊತ್ತಿದ್ದದ್ದು ಹುಳುಗಳ ಊಟ. ಎರಡೂ ಸೇರಿದ್ದು ಮಗ ಬೆರಳು ತೋರಿಸಿದ್ದರಿಂದ.

ಒಂದು ಚಪ್ಪಟೆ ಬಂಡೆಯ ಮೇಲೆ ಕಪ್ಪಗೆ ಒಣಗಿದ ಹಿಕ್ಕೆ ತೋರಿಸಿದ. ಕಡ್ಡಿಯಿಂದ ಬಿಡಿಸಿದರೆ ಒಳಗೆಲ್ಲ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು. ನೀರುನಾಯಿಯದು. ಪಟ್ಟಿಯ ಹಾಳೆಯಲ್ಲಿ ನೀರುನಾಯಿಯ ಮುಂದಿನ ಚೌಕಕ್ಕೆ ಗುರುತು ಹಾಕಬೇಕೋ ಬೇಡವೋ ಎಂದು ರಾಫ್ಟಿನಲ್ಲಿ ವಾದವೇ ಆಯಿತು. ಪ್ರಾಣಿಯನ್ನು ಕಂಡಿಲ್ಲ, ಅದರ ಊಟವನ್ನು ಕಂಡಿದ್ದೇವೆ. ಕಾಣುವುದು ಎಂದರೇನು ಎಂಬ ಆ ವಾದ ನನಗೆ ಇಡೀ ಹಾಳೆಗಿಂತ ಬೆಲೆಯುಳ್ಳದ್ದಾಗಿ ಕಂಡಿತು.

ನೀರು ಮೇ ತಿಂಗಳಲ್ಲೂ ಕೊರೆಯುವಷ್ಟು ತಣ್ಣಗಿತ್ತು. ಯಾಕೆ ಎಂದು ಮಗಳು ಕೇಳಿದಾಗ ನಾನು ಈ ಸಲ ಬಾಯಿ ಬಿಗಿಹಿಡಿದೆ. "ನಮ್ಮ ಮನೆಯ ಟಾಕಿಯ ನೀರು ಮಧ್ಯಾಹ್ನ ಹೇಗಿರತೈತಿ? ಬಾವಿ ನೀರು?" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತಿಗೆ ಅವಳೇ, "ಡ್ಯಾಮಿನ ತಳದ ನೀರು ಬರಾಕತ್ತೈತಿ" ಎಂದಳು. ಆಳವಾದ ಜಲಾಶಯಗಳಲ್ಲಿ ಬಿಸಿಲಿಗೆ ಕಾಯುವುದು ಮೇಲಿನ ಪದರ ಮಾತ್ರ. ಟರ್ಬೈನಿಗೆ ನೀರು ಒಯ್ಯುವ ಕೊಳವೆಯ ಬಾಯಿ ಇರುವುದು ಕೆಳಗೆ. ಹೀಗೆ ಹೊರಬರುವ ತಣ್ಣೀರು ಕೆಳಗಿನ ನದಿಯ ಜೀವಿಗಳ ಬೆಳವಣಿಗೆಯ ಗಡಿಯಾರವನ್ನೇ ಬದಲಿಸಬಲ್ಲದು. ಆಗ ಗೈಡ್ ಹುಟ್ಟು ಹಾಕುತ್ತಲೇ ಹೇಳಿದ, "ಆ ತಳದಲ್ಲೇ ನಮ್ಮ ಅಜ್ಜಿಯ ಊರು ಇದೆ." ಸೂಪಾ ಜಲಾಶಯದಲ್ಲಿ ಮುಳುಗಿದ ಹಳ್ಳಿಗಳ ಹಲವು ಕುಟುಂಬಗಳು ರಾಮನಗರದ ಕಡೆ ನೆಲೆಸಿರುವುದು ನಮ್ಮ ಭಾಗದವರಿಗೆ ಗೊತ್ತಿರುವ ಸಂಗತಿಯೇ. ಆದರೆ ಮುಳುಗಡೆಯೂ ನದಿ ಪರಿಸರದ ಪಾಠದೊಳಗೇ ಬರಬೇಕಾದ ವಿಷಯ ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಅದು ಸಮಾಜ ವಿಜ್ಞಾನದವರ ಘಟಕ ಎಂದುಕೊಂಡಿದ್ದೆ. ಮುದ್ರಿತ ಹಾಳೆಯಲ್ಲೂ ಅಣೆಕಟ್ಟು ಎಂಬ ಶಬ್ದ ಒಂದು ಕಡೆಯೂ ಇರಲಿಲ್ಲ. ರಾಫ್ಟನ್ನು ತೇಲಿಸುತ್ತಿದ್ದ ನೀರು ಎಲ್ಲಿಂದ ಬಂತು ಎಂದು ಹೇಳದ ನದಿ ಪಾಠ ಅದು.

ದಡಕ್ಕೆ ಮರಳಿದಾಗ ಎರಡನೇ ತರಗತಿಯವನು ಅಜ್ಜಿಯ ಸೀರೆ ಎಳೆಯುತ್ತ ಓಡಿ ಬಂದ. ಅವರಿಬ್ಬರೂ ನಾವು ಹೋದದ್ದೇ ತಡ ಕಲ್ಲು ಮಗುಚುವ ಕೆಲಸಕ್ಕೆ ಇಳಿದಿದ್ದರಂತೆ. ಅತ್ತೆ ಶಿರಸಿ ಕಡೆಯವರು, ಹೊಳೆ ದಂಡೆಯಲ್ಲೇ ಬೆಳೆದವರು. ನೀರು ಏರುವಾಗ ಹೊಳೆಗೆ ಇಳಿಯಬಾರದೆಂದು ಹುಡುಗನನ್ನು ಪಕ್ಕದಲ್ಲಿ ಸಣ್ಣಗೆ ಹರಿದುಬರುವ ಹಳ್ಳಕ್ಕೆ ಕರೆದೊಯ್ದಿದ್ದರು. ನೀರು ಬಿಡುವ ಮೊದಲು ಹೊಳೆಯ ಅಂಚಿನ ಕಲ್ಲುಗಳನ್ನೂ ಅವನು ಮಗುಚಿದ್ದ. "ಹಳ್ಳದ ಕಲ್ಲಾಗ ಹುಳ ಭಾಳ ಅದಾವ ದೊಡ್ಡವ್ವ, ಹೊಳಿ ಕಲ್ಲಾಗ ಏನೂ ಇಲ್ಲ" ಎಂಬುದು ಅವನ ವರದಿ. ಎಣಿಸಿದ್ದನಂತೆ. ಹಳ್ಳದ ಹತ್ತು ಕಲ್ಲು, ಹೊಳೆಯ ಹತ್ತು ಕಲ್ಲು. ಹತ್ತೇ ಯಾಕೆ ಎಂದರೆ, ಬೆರಳು ಹತ್ತೇ ಇವೆ ಎಂದ.

ಒಂದು ದಿನದ ಇಪ್ಪತ್ತು ಕಲ್ಲುಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು, ಇದನ್ನು ವಿಜ್ಞಾನದವಳಾಗಿ ನಾನು ಒತ್ತಿ ಹೇಳಬೇಕು. ಆದರೆ ಅವನು ಮಾಡಿದ್ದನ್ನು ಗಮನಿಸಿ. ಅಣೆಕಟ್ಟಿನ ನೀರು ಏರಿಳಿಯುವ ಅಂಚು ಒಂದು, ಯಾರೂ ತಿರುಗಿಸದ ಹಳ್ಳ ಇನ್ನೊಂದು, ಎರಡರಲ್ಲೂ ಸಮ ಸಂಖ್ಯೆಯ ಕಲ್ಲು. ಹಣ ಕೊಟ್ಟು ನದಿ ಪರಿಸರ ಅರಿಯಲು ರಾಫ್ಟ್ ಹತ್ತಿದವರು ನಾವು. ಹೋಲಿಕೆಯ ಪ್ರಯೋಗ ನಡೆದದ್ದು ದಡದಲ್ಲಿ, ಪುಕ್ಕಟೆಯಾಗಿ.

ಮನೆಗೆ ಬಂದ ಮೇಲೆ ಮಗಳ ಪ್ರಶ್ನೆಗೆ ಉತ್ತರ ಹುಡುಕಿದೆ. ಸಿಕ್ಕಿತು, ಅದೂ ಇನ್ನೊಂದು ರಾಫ್ಟಿಂಗ್ ನದಿಯಿಂದ. ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನಿಯನ್ ಅಣೆಕಟ್ಟೂ ಹೀಗೆಯೇ ವಿದ್ಯುತ್ ಬೇಡಿಕೆಯಂತೆ ನೀರು ಬಿಡುತ್ತದೆ. ಅದರ ಕೆಳಗೆ ಗ್ರ್ಯಾಂಡ್ ಕ್ಯಾನಿಯನ್. ಅಲ್ಲಿನ ಸಂಶೋಧಕರು ರಾಫ್ಟಿನಲ್ಲಿ ಹೋಗುವ ಗೈಡ್‌ಗಳನ್ನೂ ಪ್ರವಾಸಿಗಳನ್ನೂ ವಿದ್ಯಾರ್ಥಿಗಳನ್ನೂ ಕೆಲಸಕ್ಕೆ ಹಚ್ಚಿದರು. ರಾತ್ರಿ ತಂಗುವ ಕಡೆ ನದಿಯಂಚಿಗೆ ಒಂದು ದೀಪ, ಒಂದು ಡಬ್ಬಿಯಲ್ಲಿ ಆಲ್ಕೋಹಾಲ್. ದೀಪಕ್ಕೆ ಬಂದ ಕೀಟ ಡಬ್ಬಿಗೆ ಬೀಳುತ್ತದೆ. ಹೀಗೆ ವರ್ಷಗಟ್ಟಲೆ ಸೇರಿದ ಸಾವಿರಾರು ಮಾದರಿಗಳಿಂದ 2016ರಲ್ಲಿ ಪ್ರಕಟವಾದ ವಿವರ ಇದು: ನದಿಯ ಹಲವು ಕೀಟಗಳು ನೀರಿನಂಚಿನ ಕಲ್ಲುಗಳಿಗೆ ಮೊಟ್ಟೆ ಅಂಟಿಸುತ್ತವೆ. ನೀರು ಎತ್ತರದಲ್ಲಿದ್ದಾಗ ಇಟ್ಟ ಮೊಟ್ಟೆ, ನೀರು ಇಳಿದ ಕೂಡಲೇ ಬಿಸಿಲಿಗೆ ಒಣಗಿ ಸಾಯುತ್ತದೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈಗಳು ಆ ಭಾಗದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇದಾದ ಮೇಲೆ 2018ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ಅಲ್ಲಿ ವಾರಾಂತ್ಯಗಳಲ್ಲಿ ನೀರನ್ನು ಕೆಳಮಟ್ಟದಲ್ಲಿ ಏರಿಳಿತವಿಲ್ಲದೆ ಹರಿಸುವ ಪ್ರಯೋಗ ಆರಂಭಿಸಿದರು. ಕೀಟಗಳಿಗೆ ವಾರಕ್ಕೆರಡು ದಿನ ಬಾಣಂತನದ ರಜೆ ಎನ್ನಬಹುದು. ಆ ಮೂರು ಕೀಟಗಳ ಮರಿಗಳೇ ನಮ್ಮ ಶಾಲೆಯ ಹಿಂದಿನ ಹಳ್ಳದಲ್ಲಿ ಮಕ್ಕಳು ಹೇಳಿದ ಹುಳುಗಳ ಬಳಗದವು. ಮೂರು ಬಾಲದ್ದು ಮೇಫ್ಲೈ ಮರಿ, ಮರಳು ಅಂಟಿಸಿಕೊಂಡದ್ದು ಕ್ಯಾಡಿಸ್‌ಫ್ಲೈ ಮರಿ. ಸ್ವಚ್ಛ ನೀರಿನ ಗುರುತು ಎಂದು ನದಿ ಪರೀಕ್ಷಿಸುವವರು ಹುಡುಕುವುದೇ ಇವನ್ನು. ಆ ದಿನ ನಾನು ಕೆಂಪು ಶಾಯಿ ಹಿಡಿದು ಕುಳಿತಿದ್ದಾಗ ಮಕ್ಕಳು ತಮ್ಮ ಹಳ್ಳಕ್ಕೆ ಆರೋಗ್ಯ ಪತ್ರ ಬರೆದುಕೊಡುತ್ತಿದ್ದರು.

ನನ್ನ ಮಾತು ಇಷ್ಟೇ. ಪ್ರಶಿಕ್ಷಣಾರ್ಥಿ "ಗೊತ್ತಿಲ್ಲ" ಎಂದಳು, ಎಲ್ಲಿ ನೋಡಬೇಕೆಂದು ಹೇಳಿದಳು, ಯಾವ ದಿನ ಕೇಳುತ್ತೇನೆಂದು ಹೇಳಿದಳು. ಅಂಕ ಕಳೆದುಕೊಂಡಳು. ನಾನು "ಹೊಂದಿಕೊಂಡಿರ್ತಾವ" ಎಂದೆ. ನನ್ನಂಥವರೇ ಯಾರಾದರೂ ದಡದಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರೆ ನನಗೆ ಒಳ್ಳೆಯ ಅಂಕ ಕೊಡುತ್ತಿದ್ದರು. ನಮ್ಮ ನಮೂನೆಯಲ್ಲಿ ವಿಷಯ ಪ್ರಭುತ್ವ ಎಂದರೆ ಪ್ರಶ್ನೆ ಬಿದ್ದ ಕೂಡಲೇ ಉತ್ತರ ಬೀಳಬೇಕು. ಉತ್ತರ ಸರಿಯೇ ಎಂದು ಪರಿಶೀಲಿಸುವುದಕ್ಕಿಂತ ತಡವರಿಸಿದರೇ ಎಂದು ಪರಿಶೀಲಿಸುವುದು ನಮಗೆ ಸುಲಭ. ಹಾಗಾಗಿ ನಮ್ಮ ಕೈಯಲ್ಲಿ ತಯಾರಾಗುವ ಶಿಕ್ಷಕರು ಮೊದಲು ಕಲಿಯುವುದು ಮುಚ್ಚಳ ಹಾಕುವ ಶಬ್ದಗಳನ್ನು: ಹೊಂದಾಣಿಕೆ, ಸಮತೋಲನ, ಪ್ರಕೃತಿಯ ನಿಯಮ.

ಈ ಅಭಿಪ್ರಾಯವನ್ನು ವಿಭಾಗದ ಸಭೆಯಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪ ಸರಿಯಾದದ್ದೇ. "ಗೊತ್ತಿಲ್ಲ ಅಂದ್ರೆ ಅಂಕ ಅಂತಾದ್ರ ನಾಳೆಯಿಂದ ಯಾರೂ ಓದಿಕೊಂಡು ಬರಂಗಿಲ್ಲ." ತಯಾರಿ ಇಲ್ಲದೆ ಬಂದು ಪ್ರಶ್ನೆಯನ್ನು ಮಕ್ಕಳ ತಲೆಗೆ ಕಟ್ಟುವ ಪ್ರಶಿಕ್ಷಣಾರ್ಥಿಗಳು ಇದ್ದೇ ಇರುತ್ತಾರೆ, ಸಂಶಯವಿಲ್ಲ. ಆದರೆ ಎರಡು ಬಗೆಯ ಗೊತ್ತಿಲ್ಲಗಳನ್ನು ಬೇರ್ಪಡಿಸುವುದು ಅಂಥ ಕಷ್ಟವಲ್ಲ, ಮುಂದಿನ ಅವಧಿಗೆ ಹೋಗಿ ಕುಳಿತರೆ ಸಾಕು. ಗುರುವಾರ ಆಕೆ ಕೇಳಿದಳೇ? ಮಕ್ಕಳು ನೋಡಿ ಬಂದಿದ್ದರೇ? ನಾನು ಆ ಗುರುವಾರ ಹೋಗಲಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಒಬ್ಬರ ಒಂದೇ ಪಾಠದ ಎರಡನೇ ಭಾಗವನ್ನು ನೋಡುವ ಪದ್ಧತಿಯೇ ಇಲ್ಲ. ಪ್ರತಿ ವೀಕ್ಷಣೆಯೂ ನಲವತ್ತು ನಿಮಿಷದಲ್ಲಿ ಹುಟ್ಟಿ ಸಾಯುತ್ತದೆ.

ಹೊಸ ಮಾತೇನೂ ಇದಲ್ಲ. 1972ರಲ್ಲಿ ಮಧ್ಯಪ್ರದೇಶದಲ್ಲಿ ಶುರುವಾಗಿ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ನರ್ಮದೆಯ ದಡದ ಹಳ್ಳಿ ಶಾಲೆಗಳಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ದು, ತಾವೇ ನೋಡಿ, ತಾವೇ ಮಾಡಿ ಕಲಿಯಲು ಬಿಟ್ಟಿತ್ತು. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಸೂತ್ರ. ನಾವೇ ಅದನ್ನು ಪರೀಕ್ಷೆಗೆ ಕೇಳುತ್ತೇವೆ, ಐದು ಅಂಕಕ್ಕೆ. ನಮ್ಮ ವೀಕ್ಷಣಾ ನಮೂನೆಯೊಳಗೆ ಅದು ಇಳಿದಿಲ್ಲ, ಅಷ್ಟೇ.

ಶಾಲೆಗಳು ಮಕ್ಕಳನ್ನು ರಾಫ್ಟಿಂಗಿಗೆ ಕರೆದೊಯ್ಯಲಿ ಎಂದು ಯಾರಾದರೂ ಇದನ್ನು ಓದಿದರೆ ನನಗೆ ಗಾಬರಿಯಾಗುತ್ತದೆ. ಆ ಖರ್ಚು ನಮ್ಮ ಶಾಲೆಗಳ ಮಕ್ಕಳದ್ದಲ್ಲ, ಆ ನೀರೂ ನಲವತ್ತು ಮಕ್ಕಳನ್ನು ಒಬ್ಬ ಶಿಕ್ಷಕಿ ನೋಡಿಕೊಳ್ಳುವ ನೀರಲ್ಲ. ಅಣೆಕಟ್ಟಿನ ಕೆಳಗಿನ ಹೊಳೆಯ ಅಂಚಿಗೆ ಮಕ್ಕಳನ್ನು ಎಂದೂ ಕಲ್ಲು ಮಗುಚಲು ಇಳಿಸಕೂಡದು. ನೀರು ಸದ್ದಿಲ್ಲದೆ ಬರುತ್ತದೆ ಎಂಬುದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ನಮ್ಮ ಹುಡುಗ ಅದರ ಅಂಚಿಗೆ ಇಳಿದಿದ್ದಾಗ ಪಕ್ಕದಲ್ಲಿ ಅಜ್ಜಿ ಇದ್ದರು, ಆದರೂ ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಶಾಲೆಯ ಹಿಂದಿನ ಮೊಣಕಾಲುದ್ದದ ಹಳ್ಳ ಸಾಕು, ಅದೂ ಮುಖ್ಯೋಪಾಧ್ಯಾಯರ ಅನುಮತಿ, ಇನ್ನೊಬ್ಬ ಹಿರಿಯರ ಜೊತೆ, ತಲೆ ಎಣಿಕೆ ಇದ್ದಾಗ. ಗೈಡ್ ಹುಡುಗ ನಾಲ್ಕು ಆದೇಶ ಕಲಿಸಿದ ಹಾಗೆ ನಾವೂ ನಾಲ್ಕು ಕಲಿಸಬಹುದು. ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ತಿರುಗಿ ಇಡುವುದು ಅದರಲ್ಲಿ ಒಂದಾಗಿರಲಿ. ಅದರಡಿ ಯಾರದೋ ಮನೆಯಿದೆ.

ಜೊತೆಗೆ ಅಜ್ಜಿಯಂದಿರನ್ನು ಕರೆಯಿರಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಪಾಲಕರ ಸಭೆ ಎಂದರೆ ನಾವು ಅಂಕಪಟ್ಟಿ ತೋರಿಸಿ ಸಹಿ ಹಾಕಿಸಿಕೊಳ್ಳುತ್ತೇವೆ. ಹಳ್ಳದಲ್ಲಿ ಮೊದಲು ಯಾವ ಮೀನು ಇತ್ತು, ಯಾವಾಗಿಂದ ಕಾಣುವುದಿಲ್ಲ, ಯಾವ ವರ್ಷದಿಂದ ಬೇಸಿಗೆಗೆ ಮುಂಚೆಯೇ ಬತ್ತುತ್ತಿದೆ, ಇವುಗಳ ದಾಖಲೆ ಎಷ್ಟೋ ಊರುಗಳಲ್ಲಿ ಅವರ ತಲೆಯೊಳಗೆ ಮಾತ್ರ ಇದೆ. ನಮ್ಮ ಅತ್ತೆ ಇಪ್ಪತ್ತು ಕಲ್ಲುಗಳ ಪ್ರಯೋಗದ ಮಾರ್ಗದರ್ಶಕ ಶಿಕ್ಷಕಿ. ಅವರಿಗೆ ಓದಲು ಬರೆಯಲು ಬರುವುದು ಅಷ್ಟಕ್ಕಷ್ಟೇ.

ಈ ಸಾಲಿನಿಂದ ನನ್ನ ವಿಧಾನ ವಿಷಯದ ವೀಕ್ಷಣಾ ಪುಸ್ತಕದಲ್ಲಿ ಒಂದು ಸಾಲನ್ನು ಕೈಯಿಂದಲೇ ಬರೆದು ಸೇರಿಸಿದ್ದೇನೆ: "ಈ ಪಾಠದಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದು? ಅದನ್ನು ಮುಂದಿನ ಅವಧಿಗೆ ಹೇಗೆ ಒಯ್ಯಲಾಯಿತು?" ಅದಕ್ಕೆ ಐದು ಅಂಕ, ಚಾರ್ಟಿನ ಅಂಕದಿಂದ ಕಿತ್ತದ್ದು. ಪ್ರತಿಯೊಬ್ಬರ ಒಂದು ಪಾಠಕ್ಕಾದರೂ ಎರಡನೇ ಸಲ ಹೋಗಿ ಕೂರುತ್ತಿದ್ದೇನೆ. ನಡೆದಾಟ ಹೆಚ್ಚಾಗಿದೆ, ಮೊದಲ ತಿಂಗಳಲ್ಲಿ ಮೂವರು ಆ ಸಾಲನ್ನು ಖಾಲಿ ಬಿಟ್ಟರು, ಇಬ್ಬರು ಪ್ರಶ್ನೆಯನ್ನು ಮನೆಯಲ್ಲೇ ಕೂತು ಕಟ್ಟಿ ಬರೆದರು. ಹೇಗೆ ಗೊತ್ತಾಯಿತೆಂದರೆ, ಮಕ್ಕಳ ಪ್ರಶ್ನೆ ಅಷ್ಟು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಇರುವುದಿಲ್ಲ.

ಕಳೆದ ವರ್ಷದ ಆ ಪ್ರಶಿಕ್ಷಣಾರ್ಥಿ ಈಗ ಶಿಕ್ಷಕಿಯಾಗಿದ್ದಾಳೆ. ಅಂಕ ತಿದ್ದುವ ಕಾಲ ಮೀರಿದೆ. ಫೋನು ಮಾಡಿ, ನಾನು ಬರೆದದ್ದು ತಪ್ಪಾಗಿತ್ತು ಎಂದೆ. ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗುರುವಾರ ಏನಾಯಿತೆಂದು ಕೇಳಿದೆ. ಹನ್ನೊಂದು ಮಕ್ಕಳು ಹಳ್ಳದ ದಂಡೆ ನೋಡಿ ಬಂದಿದ್ದರಂತೆ. ಬಿಲಗಳ ಚಿತ್ರ ಬರೆದುಕೊಂಡು ಬಂದಿದ್ದರಂತೆ, ನೀರಿನಿಂದ ಎಷ್ಟು ಗೇಣು ದೂರ ಎಂದು ಅಳೆದುಕೊಂಡೂ ಬಂದಿದ್ದರಂತೆ. ಆ ಕೊನೆಯ ಬೆಂಚಿನ ಹುಡುಗ ಹೊಸ ಪ್ರಶ್ನೆಯೊಂದನ್ನೂ ತಂದಿದ್ದ: ಬಿಲದೊಳಗಿನ ಏಡಿಗೆ ಮಳೆ ಬಂತೆಂದು ಹೇಗೆ ಗೊತ್ತಾಗುತ್ತದೆ?

"ನೀವು ಏನ್ ಹೇಳಿದ್ರಿ?" ಎಂದು ಕೇಳಿದೆ.

"ಮಳಿ ಬರೂತನಕ ಕಾಯೂಣು ಅಂದೆ ಮೇಡಂ. ಅಷ್ಟರಾಗ ನಮ್ಮ ಬೋಧನಾಭ್ಯಾಸ ಮುಗೀತು."